ಹಿಲ್ಸ್‌ಬರೋದಿಂದ ಬದುಕಿ ಬಂದವರ ನೆನಪು ಸುಳ್ಳಾಗಿರಬಹುದೇ?

ಪ್ರಶ್ನೆ: ನಾನು ಹಾಸನದವಳು. ಮದುವೆಯಾದ ಮೇಲೆ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನೆಲೆಸಿದ್ದೇನೆ. ನಮ್ಮ ಮಾವನವರು ಎಪ್ಪತ್ತರ ದಶಕದಲ್ಲಿ ವೈದ್ಯರಾಗಿ ಅಲ್ಲಿಗೆ ಹೋದವರು. ನಮ್ಮ ಯಜಮಾನರು ಬೆಳೆದದ್ದೆಲ್ಲ ಅಲ್ಲಿಯೇ. 1989ರ ಏಪ್ರಿಲ್ 15ರಂದು, ಹದಿನೇಳರ ವಯಸ್ಸಿನಲ್ಲಿ, ಅವರು ಗೆಳೆಯನೊಬ್ಬನ ಜೊತೆ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣಕ್ಕೆ ಫುಟ್‌ಬಾಲ್ ಪಂದ್ಯ ನೋಡಲು ಹೋಗಿದ್ದರು. ಅಂದು ಅಲ್ಲಿ ಜನಸಂದಣಿಯಲ್ಲಿ ಸಿಲುಕಿ 97 ಲಿವರ್‌ಪೂಲ್ ಬೆಂಬಲಿಗರು ಪ್ರಾಣ ಕಳೆದುಕೊಂಡದ್ದು ಜಗತ್ತಿಗೇ ಗೊತ್ತು. ಮನೆಯಲ್ಲಿ ಆ ವಿಷಯ ಅವರು ಎಂದೂ ಎತ್ತಿದವರಲ್ಲ. 2025ರ ಜೂನ್ 4ರಂದು ನಾವು ರಜೆಗೆಂದು ಬೆಂಗಳೂರಿನ ನಮ್ಮ ಅಕ್ಕನ ಮನೆಯಲ್ಲಿದ್ದೆವು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಬಳಿ ಚಪ್ಪಲಿಗಳು ರಾಶಿ ಬಿದ್ದಿದ್ದನ್ನು ಟಿ.ವಿ.ಯಲ್ಲಿ ನೋಡಿ ಎದ್ದು ಹೋದವರು ಆ ರಾತ್ರಿ ಮಲಗಲಿಲ್ಲ. ಅಂದಿನಿಂದ ನಿದ್ರೆ ಕೆಟ್ಟಿದೆ. ಮಕ್ಕಳಿಗಾಗಿ ಆ ದಿನದ ನೆನಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದರು. ಅಂದು ಜೊತೆಗಿದ್ದ ಗೆಳೆಯ ಅದನ್ನು ಓದಿ, "ಹಾಗೆ ಇರಲಿಲ್ಲವಲ್ಲ" ಎಂದುಬಿಟ್ಟ. ಇವರು ಎಲ್ಲವೂ ನಿಶ್ಶಬ್ದವಾಗಿತ್ತು ಎನ್ನುತ್ತಾರೆ, ಆತ ಕಿವಿಗಡಚಿಕ್ಕುವ ಕೂಗು ಎನ್ನುತ್ತಾನೆ. ಇವರು ಒಂದು ಗಂಟೆ ಸಿಕ್ಕಿಹಾಕಿಕೊಂಡಿದ್ದೆ ಎಂದು ಬರೆದಿದ್ದಾರೆ, ವರದಿಗಳ ಪ್ರಕಾರ ಅಷ್ಟು ಹೊತ್ತು ಸಾಧ್ಯವಿಲ್ಲ. ಜನರ ಗುಂಪನ್ನು ಮೇಲಿನಿಂದ ನೋಡಿದ ನೆನಪೂ ಇದೆಯಂತೆ, ಇವರು ನಿಂತಿದ್ದು ಕೆಳಗೆ. "ತೆರೆದ ಗೇಟಿನಿಂದ ನುಗ್ಗಿದವರಲ್ಲಿ ನಾನೂ ಒಬ್ಬ" ಎಂದು ಒಂದೇ ಒಂದು ಸಾಲು ಬರೆದು ಹೊಡೆದುಹಾಕಿದ್ದಾರೆ. ಜಾಹೀರಾತಿನ ಹಲಗೆಯ ಮೇಲೆ ಒಬ್ಬ ಹುಡುಗನನ್ನು ಹೊತ್ತು ಸಾಗಿಸಿದರಂತೆ. ಅವನು ಯಾರು, ಬದುಕಿದನೇ ಎಂಬುದು ಇಂದಿಗೂ ತಿಳಿಯದು. ಈಗ ಬರೆಯುವುದನ್ನು ನಿಲ್ಲಿಸಿ, "ಎಲ್ಲ ನಾನೇ ಕಟ್ಟಿಕೊಂಡಿರಬೇಕು" ಎನ್ನುತ್ತಾರೆ. ನಮ್ಮ ಅತ್ತೆ "ಹಳೆಯದನ್ನು ಕೆದಕಬೇಡಿ" ಎನ್ನುತ್ತಾರೆ. ಅವರ ನೆನಪು ಸುಳ್ಳೇ? ಬರೆದರೆ ಕಾಯಿಲೆ ಹೆಚ್ಚಾಗುತ್ತದೆಯೇ? ಇಷ್ಟು ವರ್ಷಗಳಾದ ಮೇಲೆ ಚಿಕಿತ್ಸೆಯಿಂದ ಪ್ರಯೋಜನವಿದೆಯೇ?

ಉತ್ತರ: ಮೊದಲು ಮೂರಕ್ಕೂ ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಕೆಲವು ವಿವರಗಳು ತಪ್ಪಿರಬಹುದು, ಆದರೆ ನೆನಪು ಸುಳ್ಳಲ್ಲ. ಬರೆಯುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಹೇಗೆ ಬರೆಯುತ್ತಾರೆ, ಯಾವ ಸ್ಥಿತಿಯಲ್ಲಿ ಬರೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಚಿಕಿತ್ಸೆಯಿಂದ ಪ್ರಯೋಜನ ಖಂಡಿತ ಇದೆ. ಆದರೆ ನಿಮ್ಮ ಪತ್ರದಲ್ಲಿ ಪ್ರಶ್ನೆಯ ರೂಪದಲ್ಲಿಲ್ಲದ ಒಂದು ವಾಕ್ಯವಿದೆ: ಅವರು ಬರೆದು ಹೊಡೆದುಹಾಕಿದ ಸಾಲು. ಉತ್ತರ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹಲವು ವರ್ಷ, ಆಮೇಲೆ ಕರ್ನಾಟಕದಲ್ಲಿ ಮನೋವೈದ್ಯನಾಗಿ ದುಡಿದ ನನ್ನ ಅನುಭವದಲ್ಲಿ, ಜನರು ಹೊಡೆದುಹಾಕುವ ಸಾಲಿನಲ್ಲಿಯೇ ಅವರ ನೋವು ಕುಳಿತಿರುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಅಂದು ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಎಫ್.ಎ. ಕಪ್‌ನ ಸೆಮಿಫೈನಲ್, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳು. ಮಧ್ಯಾಹ್ನ 3 ಗಂಟೆಗೆ ಆಟ ಆರಂಭವಾಗಬೇಕಿತ್ತು. ಲಿವರ್‌ಪೂಲ್ ಬೆಂಬಲಿಗರಿಗೆ ಕೊಟ್ಟದ್ದು ಲೆಪ್ಪಿಂಗ್ಸ್ ಲೇನ್ ಕಡೆಯ ಭಾಗ. ನಿಂತು ನೋಡುವ ಮೆಟ್ಟಿಲುಗಳಿಗೆ ಟಿಕೆಟ್ ಪಡೆದಿದ್ದ ಸುಮಾರು 10,100 ಜನರಿಗೆ ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟುಗಳು ಇದ್ದದ್ದು ಕೇವಲ 7. ಎರಡೂವರೆಯ ಹೊತ್ತಿಗೆ ಹೊರಗಡೆಯೇ ಉಸಿರುಗಟ್ಟುವಷ್ಟು ಒತ್ತಡ ಉಂಟಾಗಿ, 2 ಗಂಟೆ 52 ನಿಮಿಷಕ್ಕೆ ಪೊಲೀಸ್ ಅಧಿಕಾರಿಯ ಆದೇಶದಂತೆ 'ಸಿ' ಎಂಬ ದೊಡ್ಡ ನಿರ್ಗಮನ ಗೇಟನ್ನು ತೆರೆಯಲಾಯಿತು. ಕೆಲವೇ ನಿಮಿಷಗಳಲ್ಲಿ ಸುಮಾರು 2,000 ಜನ ಒಳಬಂದರು. ಒಳಬಂದವರ ಕಣ್ಣಿಗೆ ನೇರವಾಗಿ ಬೀಳುತ್ತಿದ್ದುದು ಇಳಿಜಾರಾದ ಒಂದು ಸುರಂಗದ ಬಾಯಿ. ಅದರ ತುದಿಯಲ್ಲಿ ಬೇಲಿಯಿಂದ ಬೇರ್ಪಡಿಸಿದ 3 ಮತ್ತು 4ನೆಯ ಆವರಣಗಳು ಆಗಲೇ ತುಂಬಿ ತುಳುಕುತ್ತಿದ್ದವು. ಎಡಬಲದ ಆವರಣಗಳಲ್ಲಿ ಜಾಗವಿತ್ತು. ಹಿಂದಿನ ವರ್ಷ ಇದೇ ಮೈದಾನದಲ್ಲಿ ಇದೇ ಎರಡು ತಂಡಗಳು ಆಡಿದಾಗ ಸುರಂಗದ ಬಾಯಿಯಲ್ಲಿ ಜನರನ್ನು ತಡೆದು ಬದಿಗೆ ಕಳುಹಿಸಿದ್ದರೆಂದು ಅನೇಕರು ಸಾಕ್ಷ್ಯ ನುಡಿದಿದ್ದಾರೆ. ಈ ಸಲ ಸುರಂಗವನ್ನು ಯಾರೂ ಮುಚ್ಚಲಿಲ್ಲ, ದಾರಿ ತೋರಿಸಲೂ ಇಲ್ಲ.

ನಿಮ್ಮ ಯಜಮಾನರು ಆ ಗೇಟಿನಿಂದ ನಡೆದು ಬಂದರು. ಹದಿನೇಳು ವರ್ಷದ ಹುಡುಗನೊಬ್ಬ ಪೊಲೀಸರೇ ತೆರೆದ ಬಾಗಿಲಿನಿಂದ ಒಳಬಂದು ಎದುರಿಗೆ ಕಂಡ ದಾರಿಯಲ್ಲಿ ಹೋದದ್ದಕ್ಕೆ ನುಗ್ಗಿದ್ದು ಎಂಬ ಮಾತನ್ನು ಬಳಸುತ್ತಿದ್ದರೆ, ಆ ಮಾತು ಅವರೊಳಗೆ ಎಲ್ಲಿಂದ ಬಂತೆಂದು ಕೇಳಬೇಕು. ಅಂದೇ ಮಧ್ಯಾಹ್ನ ಬಂದೋಬಸ್ತಿನ ಮುಖ್ಯಸ್ಥರಾಗಿದ್ದ ಡೇವಿಡ್ ಡಕನ್‌ಫೀಲ್ಡ್, ಬೆಂಬಲಿಗರೇ ಗೇಟನ್ನು ಬಲವಂತವಾಗಿ ತೆರೆಸಿದರೆಂದು ಫುಟ್‌ಬಾಲ್ ಸಂಸ್ಥೆಯವರಿಗೆ ಹೇಳಿದರು. ಅದು ಸುಳ್ಳೆಂದು ಅವರೇ ಮುಂದೆ ಒಪ್ಪಿಕೊಂಡರು. ಆದರೆ ಆ ಸುಳ್ಳು ಅಷ್ಟರಲ್ಲಿ ಲೋಕವನ್ನೆಲ್ಲ ಸುತ್ತಿತ್ತು. ನಾಲ್ಕು ದಿನಗಳ ನಂತರ 'ದಿ ಸನ್' ಪತ್ರಿಕೆ ಮುಖಪುಟದಲ್ಲಿ 'ಸತ್ಯ' ಎಂಬ ತಲೆಬರಹದ ಕೆಳಗೆ ಬೆಂಬಲಿಗರು ಸತ್ತವರ ಜೇಬು ತಡಕಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು ಎಂಬ ಆಧಾರವಿಲ್ಲದ ಆರೋಪಗಳನ್ನು ಅಚ್ಚು ಮಾಡಿತು. ಸತ್ತ ಮಕ್ಕಳ ರಕ್ತದಲ್ಲಿ ಕೂಡ ಮದ್ಯದ ಅಂಶವಿದೆಯೇ ಎಂದು ಪರೀಕ್ಷೆ ಮಾಡಿದ್ದರು. ಸತ್ತವರಲ್ಲಿ ಅತಿ ಕಿರಿಯನ ವಯಸ್ಸು 10. ಹದಿಹರೆಯದಲ್ಲಿ ಇಂಥದನ್ನು ದಿನಬೆಳಗಾದರೆ ಓದಿದವನ ಮನಸ್ಸಿನಲ್ಲಿ ಆ ಆರೋಪ ತನ್ನದೇ ಆತ್ಮಸಾಕ್ಷಿಯ ಧ್ವನಿಯಾಗಿ ಉಳಿದುಬಿಡುವುದುಂಟು.

ಜನಸಂದಣಿಯ ಭೌತಿಕ ಸ್ವಭಾವವನ್ನು ಅವರಿಗೆ ವಿವರಿಸಿ ಹೇಳಬೇಕು. ಒಂದು ಚದರ ಮೀಟರಿನಲ್ಲಿ ನಾಲ್ಕೈದು ಜನರಿರುವವರೆಗೆ ಮನುಷ್ಯ ತನ್ನ ಕಾಲಿನ ಮೇಲೆ ತಾನು ನಿಂತಿರುತ್ತಾನೆ. ಆರೇಳು ಜನ ದಾಟಿದರೆ ವ್ಯಕ್ತಿಗಳೆಂಬುದು ಹೋಗಿ ಒಟ್ಟು ಗುಂಪೇ ದ್ರವದಂತೆ ಚಲಿಸತೊಡಗುತ್ತದೆ. ದೊಡ್ಡ ಜಾತ್ರೆಯಲ್ಲಿ ತೇರು ಹೊರಡುವ ಹೊತ್ತಿಗೆ ಹಗ್ಗದ ಬಳಿ ಸಿಕ್ಕಿಕೊಂಡವರಿಗೆ ಇದು ತಿಳಿದಿರುತ್ತದೆ: ಕಾಲು ನೆಲಕ್ಕೆ ತಾಗುವುದಿಲ್ಲ, ಎತ್ತ ಹೋಗುತ್ತೇವೆಂಬುದು ನಮ್ಮ ಕೈಯಲ್ಲಿರುವುದಿಲ್ಲ. ಹಿಂದಿರುವ ಪ್ರತಿಯೊಬ್ಬನೂ ಸಮತೋಲನಕ್ಕೆಂದು ಒಂದಿಷ್ಟೇ ಮುಂದಕ್ಕೆ ವಾಲಿದರೂ ಆ ಭಾರವೆಲ್ಲ ಸಾಲಿನಿಂದ ಸಾಲಿಗೆ ಸೇರುತ್ತ ಹೋಗಿ, ಮುಂದಿನ ಬೇಲಿಯ ಬಳಿ ಕಬ್ಬಿಣವನ್ನು ಬಗ್ಗಿಸುವಷ್ಟಾಗುತ್ತದೆ. ಹಿಲ್ಸ್‌ಬರೋದ 3ನೆಯ ಆವರಣದಲ್ಲಿ ಒಂದು ಅಡ್ಡಗಂಬಿ ಮುರಿದೇ ಹೋಯಿತು. ಸತ್ತವರಲ್ಲಿ ಬಹುಪಾಲು ಜನ ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಕಟ್ಟಿ ಸತ್ತರು, ಕೆಲವರು ನಿಂತಲ್ಲಿಯೇ. ಇಲ್ಲಿ ಕ್ರೌರ್ಯವೂ ಬೇಕಿಲ್ಲ, ಗಾಬರಿಯೂ ಬೇಕಿಲ್ಲ. ಸುರಂಗದಲ್ಲಿರುವವನಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ, ಕೇಳುವುದಿಲ್ಲ. ಅದನ್ನು ನೋಡಬಲ್ಲವರು ಮೇಲಿನ ನಿಯಂತ್ರಣ ಕೊಠಡಿಯಲ್ಲಿ, ಕ್ಯಾಮೆರಾಗಳ ಮುಂದೆ ಕುಳಿತಿದ್ದವರು ಮಾತ್ರ.

ಇದು ನಾನು ಸಮಾಧಾನಕ್ಕಾಗಿ ಹೇಳುತ್ತಿರುವ ಮಾತಲ್ಲ. ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು 1989ರ ಆಗಸ್ಟ್‌ನಲ್ಲಿಯೇ ದುರಂತಕ್ಕೆ ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ ಎಂದು ಬರೆದರು. ವಾರಿಂಗ್ಟನ್‌ನಲ್ಲಿ ಎರಡು ವರ್ಷ ನಡೆದ ಎರಡನೆಯ ಮರಣ ವಿಚಾರಣೆಯಲ್ಲಿ, ಬೆಂಬಲಿಗರ ನಡವಳಿಕೆ ಅಪಾಯಕ್ಕೆ ಕಾರಣವಾಯಿತೇ ಎಂಬ ನೇರ ಪ್ರಶ್ನೆಗೆ ಜ್ಯೂರಿ 2016ರ ಏಪ್ರಿಲ್ 26ರಂದು ಕೊಟ್ಟ ಉತ್ತರ 'ಇಲ್ಲ'. ಸತ್ತವರೆಲ್ಲರೂ ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು ಎಂಬುದು ಅವರ ತೀರ್ಮಾನ. (ಆದರೂ 2019ರಲ್ಲಿ ಕ್ರಿಮಿನಲ್ ನ್ಯಾಯಾಲಯ ಡಕನ್‌ಫೀಲ್ಡ್ ಅವರನ್ನು ಖುಲಾಸೆ ಮಾಡಿತು. ಇದರಿಂದ ಬದುಕಿ ಬಂದವರಿಗೆ ಆದ ಪೆಟ್ಟನ್ನು ಕಡಿಮೆ ಅಂದಾಜು ಮಾಡಬಾರದು.) ಆ 'ಇಲ್ಲ' ಎಂಬ ಉತ್ತರವನ್ನು ನಿಮ್ಮ ಯಜಮಾನರು ಸುದ್ದಿಯಾಗಿ ಕೇಳಿರುತ್ತಾರೆ; ತಮ್ಮ ವಿಷಯದಲ್ಲಿ ಹೇಳಿದ ಮಾತೆಂದು ಕೇಳಿಸಿಕೊಂಡಿದ್ದಾರೆಯೇ ಎಂಬುದು ಬೇರೆ ಮಾತು. ಮಾಹಿತಿಯಿಂದಷ್ಟೇ ತಪ್ಪಿತಸ್ಥ ಭಾವ ಹೋಗಿಬಿಡುವುದಿಲ್ಲ ಎಂಬುದನ್ನೂ ಸೇರಿಸಬೇಕು. ಕೆಲವರಿಗೆ ತಪ್ಪು ತನ್ನದೇ ಎಂದುಕೊಳ್ಳುವುದು, ತಾನು ಏನೂ ಮಾಡಲಾಗದ ಸ್ಥಿತಿಯಲ್ಲಿದ್ದೆ ಎಂದು ಒಪ್ಪುವುದಕ್ಕಿಂತ ಸುಲಭವಾಗಿರುತ್ತದೆ. ಚಿಕಿತ್ಸೆಯ ದೊಡ್ಡ ಭಾಗ ಇಲ್ಲಿಯೇ ನಡೆಯಬೇಕಾಗುತ್ತದೆ.

ಈಗ ನೆನಪಿನ ಪ್ರಶ್ನೆಗೆ ಬರೋಣ. ಭಯಂಕರ ಘಟನೆ ಮನಸ್ಸಿನಲ್ಲಿ ಫೋಟೊ ತೆಗೆದಂತೆ ಅಚ್ಚಾಗಿ ಉಳಿಯುತ್ತದೆ ಎಂಬುದು ಜನರಲ್ಲಿ ಬಲವಾಗಿ ಬೇರೂರಿರುವ ನಂಬಿಕೆ. ಅದರ ಬೆನ್ನಿಗೇ ಇನ್ನೊಂದು ನಂಬಿಕೆಯಿದೆ: ಒಂದು ವಿವರ ತಪ್ಪೆಂದು ಕಂಡರೆ ಇಡೀ ನೆನಪೇ ಕಟ್ಟುಕತೆ. ಎರಡೂ ತಪ್ಪು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನ ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿ ತಮ್ಮ ವಿದ್ಯಾರ್ಥಿಗಳಿಂದ ಸುದ್ದಿ ತಿಳಿದ ಬಗೆಯನ್ನು ಬರೆಸಿಟ್ಟುಕೊಂಡು, ಎರಡು-ಮೂರು ವರ್ಷಗಳ ನಂತರ ಅವರಲ್ಲಿ ಅನೇಕರನ್ನು ಮತ್ತೆ ಕೇಳಿದರು. ಬಹಳ ಜನರ ಉತ್ತರ ಮೊದಲಿನದರೊಂದಿಗೆ ಹೊಂದಲಿಲ್ಲ. ತಮ್ಮದೇ ಕೈಬರಹ ತೋರಿಸಿದರೂ ಕೆಲವರು ಈಗಿನ ನೆನಪೇ ಸರಿ ಎಂದರು. ಅವರಾರೂ ಸುಳ್ಳು ಹೇಳುತ್ತಿರಲಿಲ್ಲ. ನೆನಪು ಪ್ರತಿ ಸಲ ಹೊರಬಂದಾಗಲೂ ಅಷ್ಟಿಷ್ಟು ಹೊಸದಾಗಿ ಹೆಣೆಯಲ್ಪಡುತ್ತದೆ, ಅಷ್ಟೆ. ಹಾಗೆಂದು ಅವರು ಸುದ್ದಿ ಕೇಳಲೇ ಇಲ್ಲ ಎಂದು ಯಾರೂ ಹೇಳುವುದಿಲ್ಲ.

ಒಂದು ಗಂಟೆಯ ವಿಷಯ ತೆಗೆದುಕೊಳ್ಳಿ. ಆಟವನ್ನು ನಿಲ್ಲಿಸಿದ್ದು 3 ಗಂಟೆ 6 ನಿಮಿಷದ ಹೊತ್ತಿಗೆ. ಗೇಟು ತೆರೆದಾಗಿನಿಂದ ಕಾಲು ಗಂಟೆ ಕೂಡ ಆಗಿರಲಿಲ್ಲ. ಆದರೆ ಪ್ರಾಣಭಯದಲ್ಲಿ ಮಿದುಳು ಎಂದಿಗಿಂತ ದಟ್ಟವಾಗಿ ವಿವರಗಳನ್ನು ದಾಖಲಿಸುತ್ತದೆ, ಆ ದಟ್ಟಣೆಯನ್ನೇ ಆಮೇಲೆ ನಾವು ಉದ್ದವೆಂದು ಓದುತ್ತೇವೆ. ಮೂವತ್ತೊಂದು ಮೀಟರ್ ಎತ್ತರದಿಂದ ಬಲೆಗೆ ಬೀಳುವಂತೆ ಮಾಡಿ ನಡೆಸಿದ ಪ್ರಯೋಗವೊಂದರಲ್ಲಿ, ಬಿದ್ದವರು ತಮ್ಮ ಬೀಳುವಿಕೆಯ ಅವಧಿಯನ್ನು ಇತರರು ಬಿದ್ದದ್ದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಹೆಚ್ಚಾಗಿ ಅಂದಾಜು ಮಾಡಿದರು. ಅದು ಕ್ಷಣಗಳ ಮಾತು. ಪಕ್ಕದವನ ಮೊಣಕೈ ಪಕ್ಕೆಲುಬಿಗೆ ಒತ್ತಿಕೊಂಡು, ಗಲ್ಲವನ್ನು ಮೇಲೆತ್ತಿ ಉಸಿರಿಗಾಗಿ ಕಾಯುವ ನಿಮಿಷಗಳು ಎಷ್ಟಾಗಿ ಕಂಡಿರಬಹುದು, ನೀವೇ ಊಹಿಸಿ. ನಿಶ್ಶಬ್ದದ ವಿಷಯವೂ ಹಾಗೆಯೇ. ತೀವ್ರ ಅಪಾಯದಲ್ಲಿ ಸಿಕ್ಕವರಲ್ಲಿ ಹಲವರಿಗೆ ಕಿವಿ ಮುಚ್ಚಿದಂತಾಗುತ್ತದೆ. ಪೊಲೀಸರಲ್ಲಿ, ಸೈನಿಕರಲ್ಲಿ ಇದನ್ನು ಬಹಳ ಕಂಡಿದ್ದೇವೆ. ಗೆಳೆಯನಿಗೆ ಕೂಗು ಕೇಳಿಸಿತು, ಇವರಿಗೆ ಕೇಳಿಸಲಿಲ್ಲ. ಒಂದೇ ಜಾಗದಲ್ಲಿದ್ದ ಇಬ್ಬರು ಎರಡು ಮಧ್ಯಾಹ್ನಗಳನ್ನು ಕಂಡರೆಂದು ಒಪ್ಪಿಕೊಳ್ಳಲು ಏನೂ ಅಡ್ಡಿಯಿಲ್ಲ.

ಮೇಲಿನಿಂದ ಕಂಡ ನೋಟದ ಬಗ್ಗೆ ಸ್ವಲ್ಪ ಎಚ್ಚರದಿಂದ ಹೇಳುತ್ತೇನೆ, ಏಕೆಂದರೆ ಎರಡು ಸಾಧ್ಯತೆಗಳಿವೆ. ಆಘಾತಕ್ಕೆ ಒಳಗಾದವರು ತಮ್ಮನ್ನೇ ಹೊರಗಿನಿಂದ, ಎತ್ತರದಿಂದ ನೋಡುತ್ತಿರುವಂತೆ ನೆನೆಯುವುದು ಸಾಮಾನ್ಯ. ಅದು ಮನಸ್ಸು ನೋವಿನಿಂದ ಒಂದು ಹೆಜ್ಜೆ ಹಿಂದೆ ಸರಿಯುವ ಬಗೆ. ಇನ್ನೊಂದು ಸಾಧ್ಯತೆ, ಅದು ಟಿ.ವಿ.ಯಿಂದ ಬಂದ ಚಿತ್ರ. ಅಂದು ಬಿ.ಬಿ.ಸಿ.ಯ ಕ್ಯಾಮೆರಾಗಳು ಮೈದಾನದಲ್ಲಿದ್ದವು, ಆ ದೃಶ್ಯಗಳು ದಶಕಗಳ ಕಾಲ ಮತ್ತೆ ಮತ್ತೆ ಪ್ರಸಾರವಾಗಿವೆ. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸರಕು ವಿಮಾನವೊಂದು ವಸತಿ ಕಟ್ಟಡಕ್ಕೆ ಅಪ್ಪಳಿಸಿತು. ಅಪ್ಪಳಿಸಿದ ಕ್ಷಣದ ಚಿತ್ರೀಕರಣವೇ ಇರಲಿಲ್ಲ. ಆದರೂ ಸಂಶೋಧಕರು ಕೇಳಿದಾಗ 55 ಶೇಕಡಾ ಜನ ಅದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ ಎಂದರು. ಇಲ್ಲದ ಚಿತ್ರವೇ ಹಾಗೆ ನೆನಪಾಗುವುದಾದರೆ, ಇರುವ ಚಿತ್ರ ಬೆರೆತುಹೋಗುವುದರಲ್ಲಿ ಆಶ್ಚರ್ಯವಿಲ್ಲ. ಯಾವುದು ಯಾವುದೆಂದು ಈಗ ಬಿಡಿಸುವುದು ಕಷ್ಟ, ಬಿಡಿಸಲೇಬೇಕಾದ ಅಗತ್ಯವೂ ಇಲ್ಲ.

ನೆನಪಿನಲ್ಲಿ ಖಾಲಿ ಜಾಗಗಳಿದ್ದರೆ, ಅವನ್ನು ತುಂಬಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಿ. ಉಸಿರು ಸಾಲದೆ ಪ್ರಜ್ಞೆ ಮಸುಕಾದ ಹೊತ್ತಿನಲ್ಲಿ ಮಿದುಳು ದಾಖಲಿಸಿಯೇ ಇರುವುದಿಲ್ಲ. ದಾಖಲಾಗದ್ದನ್ನು ಸಮ್ಮೋಹನದಿಂದಲೋ ಬೇರಾವ ವಿದ್ಯೆಯಿಂದಲೋ ಹೊರತೆಗೆಯಲಾಗದು. ಅಂಥ ಪ್ರಯತ್ನಗಳಲ್ಲಿ ಹೊರಬರುವುದು ಹೆಚ್ಚಾಗಿ ಊಹೆ, ಮತ್ತು ಊಹೆಗೆ ಖಚಿತ ನೆನಪಿನ ಬಣ್ಣ ಬಂದುಬಿಡುತ್ತದೆ. ನನ್ನ ಬಳಿ ಬಂದ ಕೆಲವರಿಗೆ ಮೂಲ ಘಟನೆಗಿಂತ ಹೀಗೆ 'ಮರಳಿಸಿದ' ನೆನಪೇ ಹೆಚ್ಚು ಹಿಂಸೆ ಕೊಟ್ಟಿದೆ.

ಹಾಗಾದರೆ ಅಧಿಕೃತ ವರದಿ ಹೇಳಿದ್ದೇ ಸರಿ, ಇವರದು ತಪ್ಪು ಎಂದು ಇಟ್ಟುಕೊಳ್ಳಬೇಕೇ? ಹಿಲ್ಸ್‌ಬರೋ ವಿಷಯದಲ್ಲಂತೂ ಹಾಗೆ ಹೇಳುವ ಧೈರ್ಯ ನನಗಿಲ್ಲ. ಅಂದು ಕರ್ತವ್ಯದಲ್ಲಿದ್ದ ಸೌತ್ ಯಾರ್ಕ್‌ಷೈರ್ ಪೊಲೀಸರಿಗೆ, ಜೇಬಿನಲ್ಲಿರುವ ಅಧಿಕೃತ ಪುಸ್ತಕದಲ್ಲಿ ಬರೆಯದೆ ಬಿಳಿ ಹಾಳೆಗಳ ಮೇಲೆ ತಮ್ಮ ನೆನಪುಗಳನ್ನು ಬರೆದುಕೊಡಲು ಹೇಳಲಾಗಿತ್ತು. ಆ ಹೇಳಿಕೆಗಳಲ್ಲಿ 164ನ್ನು ಗಣನೀಯವಾಗಿ ತಿದ್ದಲಾಗಿತ್ತು, 116ರಲ್ಲಿ ಪೊಲೀಸ್ ಇಲಾಖೆಗೆ ಪ್ರತಿಕೂಲವಾದ ಮಾತುಗಳನ್ನು ತೆಗೆದುಹಾಕಲಾಗಿತ್ತು ಎಂದು ಸ್ವತಂತ್ರ ಸಮಿತಿಯ 2012ರ ವರದಿ ಬಯಲು ಮಾಡಿತು. ಮೊದಲ ಮರಣ ವಿಚಾರಣೆಯಲ್ಲಿ 3 ಗಂಟೆ 15 ನಿಮಿಷದ ನಂತರ ನಡೆದದ್ದನ್ನು ಪರಿಗಣಿಸುವುದೇ ಇಲ್ಲ ಎಂದು ವಿಚಾರಣಾಧಿಕಾರಿ ಗೆರೆ ಎಳೆದಿದ್ದರು; ಅಷ್ಟರಲ್ಲಿ ಎಲ್ಲರೂ ಬದುಕಿಸಲಾಗದ ಸ್ಥಿತಿ ತಲುಪಿದ್ದರು ಎಂಬುದು ಅವರ ವಾದ. ಆದರೆ ವಿಶೇಷ ಕಾನ್‌ಸ್ಟೆಬಲ್ ಆಗಿದ್ದ ಮಹಿಳೆಯೊಬ್ಬರು, ಅದಕ್ಕೂ ಬಹಳ ಹೊತ್ತಿನ ನಂತರ ಹದಿನೈದರ ಹುಡುಗನೊಬ್ಬ ತಮ್ಮ ತೋಳಿನಲ್ಲಿ ಕಣ್ಣು ತೆರೆದು 'ಅಮ್ಮಾ' ಎಂದನೆಂದು ಹೇಳಿದ್ದರು. ಅವರ ಮೇಲೆ ಒತ್ತಡ ತಂದು ಹೇಳಿಕೆ ಬದಲಾಯಿಸಲಾಯಿತು ಎಂದು ಅವರೇ ತಿಳಿಸಿದ್ದಾರೆ. ಸಮಿತಿಯ ವೈದ್ಯಕೀಯ ಪರಿಶೀಲನೆ, 41 ಜನರವರೆಗೆ ಬದುಕುವ ಸಾಧ್ಯತೆಯಿತ್ತು ಎಂದಿತು. 2012ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹಳೆಯ ತೀರ್ಪುಗಳನ್ನು ರದ್ದುಗೊಳಿಸಿತು. ಅಂದರೆ ದಾಖಲೆಗೆ ಹೊಂದದ ಒಂದು ನೆನಪು ಎರಡು ದಶಕ ಒಂಟಿಯಾಗಿ ನಿಂತು, ಕೊನೆಗೆ ದಾಖಲೆಯೇ ತಿದ್ದಿಕೊಳ್ಳಬೇಕಾಯಿತು.

ಇದರಿಂದ ನಿಮ್ಮ ಯಜಮಾನರ ನೋಟ್‌ಬುಕ್ಕಿಗೆ ಒಂದು ನೇರವಾದ ಸಲಹೆ ಹೊರಡುತ್ತದೆ. ಗೆಳೆಯನ ಮಾತಿಗಾಗಲಿ ವರದಿಗಾಗಲಿ ಹೊಂದುವಂತೆ ಬರೆದದ್ದನ್ನು ತಿದ್ದಬಾರದು. ಹೊಡೆದುಹಾಕಿದ ಸಾಲೂ ಹಾಗೆಯೇ ಇರಲಿ. ತನ್ನ ಕೈಗೆಟುಕುವ ಅಂತರದಲ್ಲಿ ಕಂಡದ್ದು, ಕೇಳಿದ್ದು, ಮೈಗೆ ತಾಗಿದ್ದು ಒಂದು ಬಣ್ಣದ ಶಾಯಿಯಲ್ಲಿ. ಆಮೇಲೆ ಬೇರೆಯವರಿಂದಲೋ ಟಿ.ವಿ.ಯಿಂದಲೋ ತಿಳಿದದ್ದು ಇನ್ನೊಂದರಲ್ಲಿ. ಯಾವುದೆಂದು ಗೊತ್ತಾಗದ್ದನ್ನು ಹಾಗೆಯೇ ನಮೂದಿಸಿ ಬಿಡಬಹುದು. ಪ್ರತಿ ಪುಟಕ್ಕೂ ಬರೆದ ದಿನಾಂಕ ಹಾಕಲಿ. ಮೊದಲ ಬರವಣಿಗೆ ಮುಗಿಯುವ ತನಕ ಹಳೆಯ ವಿಡಿಯೊ, ವರದಿಗಳನ್ನು ನೋಡದಿರುವುದು ಒಳ್ಳೆಯದು. ಗೆಳೆಯನೂ ತನ್ನದನ್ನು ಬೇರೆಯಾಗಿ ಬರೆಯಲಿ. ಎರಡನ್ನೂ ಅಕ್ಕಪಕ್ಕ ಇಡಬಹುದು, ಬೆರೆಸುವುದು ಬೇಡ.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆಘಾತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಬೈಠಕ್‌ನಲ್ಲಿ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿ ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿತ್ತು. ಪ್ರಯೋಗಗಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ, ಕೆಲವರಿಗೆ ಹಾನಿಯೇ ಆಯಿತು. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಈಗ ಅದನ್ನು ಮಾಡಬೇಡಿ ಎನ್ನುತ್ತದೆ. ಮಾತನಾಡದೆಯೂ ಅನೇಕರು ಚೆನ್ನಾಗಿ ಬಾಳಿದ್ದಾರೆ, ಮೂವತ್ತಾರು ವರ್ಷ ನಿಮ್ಮ ಯಜಮಾನರೂ ಹಾಗೆಯೇ ಸಂಸಾರ ನಡೆಸಿದರಲ್ಲವೇ? ಬಿಟ್ಟುಬಿಡುವುದೂ ಒಂದು ದಾರಿಯೇ. ಆದರೆ ಅತ್ತೆಯವರ ಮಾತು ಸಲ್ಲುವುದು ಗಾಯ ಮುಚ್ಚಿರುವಾಗ. ನಿದ್ರೆ ಕೆಟ್ಟು ತಿಂಗಳುಗಳಾದ ಮೇಲೆ, ಕೆದಕುತ್ತಿರುವವರು ನೀವಲ್ಲ, ಅದು ತಾನಾಗಿಯೇ ತೆರೆದುಕೊಂಡಿದೆ. ಬೆಂಗಳೂರಿನಲ್ಲಿ 11 ಜನ ಸತ್ತ ಆ ದಿನದ ದೃಶ್ಯ, ಗೇಟು, ಸಂದಣಿ, ಸಂಭ್ರಮಕ್ಕೆಂದು ಬಂದ ಎಳೆಯರು, ಎಲ್ಲವೂ ಹಳೆಯದಕ್ಕೆ ಅಷ್ಟು ಹತ್ತಿರವಾಗಿದ್ದರೆ ಹೀಗಾಗುವುದು ನಿರೀಕ್ಷಿತವೇ. ಇದು ಮನೋದೌರ್ಬಲ್ಯದ ಗುರುತಲ್ಲ.

ಬರೆಯುವುದರ ಲಾಭವನ್ನೂ ಉತ್ಪ್ರೇಕ್ಷೆ ಮಾಡಲಾರೆ. ಅಮೆರಿಕದ ಜೇಮ್ಸ್ ಪೆನ್ನಿಬೇಕರ್ ಎಂಬತ್ತರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ಜನರು ದಿನಕ್ಕೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದಂತೆ ಮೂರು ನಾಲ್ಕು ದಿನ ತಮ್ಮ ನೋವಿನ ಬಗ್ಗೆ ಬರೆದರು. ಬರೆದ ದಿನ ಮನಸ್ಸು ಕುಗ್ಗುತ್ತದೆ, ವಾರಗಳ ನಂತರ ಹಲವರಿಗೆ ಅಲ್ಪಸ್ವಲ್ಪ ಹಗುರವೆನಿಸುತ್ತದೆ. ಲಾಭ ಇಷ್ಟೇ, ಚಿಕ್ಕದು. ಮಧ್ಯರಾತ್ರಿ ಎದ್ದು, ಒಂದು ಗ್ಲಾಸ್ ವಿಸ್ಕಿಯ ಜೊತೆ ಗಂಟೆಗಟ್ಟಲೆ ಬರೆಯುವುದು ಇದಕ್ಕೆ ತದ್ವಿರುದ್ಧ. ಹಗಲಿನಲ್ಲಿ ಬರೆಯಲಿ, ಹೊತ್ತು ನಿಗದಿ ಮಾಡಿಕೊಂಡು ಬರೆಯಲಿ, ಮುಗಿದ ಮೇಲೆ ಮನೆಯ ಏನಾದರೂ ಕೆಲಸಕ್ಕೆ ಕೈ ಹಾಕಲಿ. ಬರೆದ ಮೇಲಿನ ಕಳವಳ ಮರುದಿನಕ್ಕೂ ಉಳಿದರೆ, ದುಃಸ್ವಪ್ನ ಹೆಚ್ಚಿದರೆ, ಅಥವಾ ಬರೆಯುತ್ತ ಬರೆಯುತ್ತ ತಾನು ಈಗ ಎಲ್ಲಿದ್ದೇನೆಂಬುದೇ ಮರೆತು ಅಲ್ಲಿಯೇ ನಿಂತಂತಾದರೆ, ಒಬ್ಬರೇ ಬರೆಯುವುದನ್ನು ನಿಲ್ಲಿಸಬೇಕು. ನೋಟ್‌ಬುಕ್ ಎಸೆಯುವುದು ಬೇಡ, ಚಿಕಿತ್ಸಕರ ಜೊತೆ ಮುಂದುವರಿಸಬಹುದು.

ನೀವು ವಿವರಿಸಿರುವುದನ್ನು ನೋಡಿದರೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಇರುವ ಸಾಧ್ಯತೆಯನ್ನು ಪರೀಕ್ಷಿಸಲೇಬೇಕು; ಪತ್ರ ನೋಡಿ ರೋಗನಿರ್ಣಯ ಮಾಡುವುದು ಸರಿಯಲ್ಲ. ದಶಕಗಳ ನಂತರವೂ ಇದಕ್ಕೆ ಚಿಕಿತ್ಸೆ ಫಲಿಸುತ್ತದೆ. ಬ್ರಿಟನ್ನಿನ 2018ರ ಮಾರ್ಗಸೂಚಿ ಎರಡನ್ನು ಮುಖ್ಯವಾಗಿ ಸೂಚಿಸುತ್ತದೆ: ಆಘಾತಕ್ಕೇ ಕೇಂದ್ರಿತವಾದ ಸಿ.ಬಿ.ಟಿ. (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ನೆರವಾಗುವ ಮಾತುಚಿಕಿತ್ಸೆ), ಸಾಮಾನ್ಯವಾಗಿ 8ರಿಂದ 12 ಭೇಟಿಗಳು. ಮತ್ತು ಕಣ್ಣಿನ ಚಲನೆಯನ್ನು ಬಳಸುವ ಇ.ಎಂ.ಡಿ.ಆರ್. ಎಂಬ ವಿಧಾನ. ಎರಡರಲ್ಲೂ ಮೊದಲ ಕೆಲವು ವಾರ ಕಷ್ಟವೆನಿಸುತ್ತದೆ, ಅರ್ಧಕ್ಕೆ ಬಿಡುವವರು ಹೆಚ್ಚಾಗಿ ಈ ಹಂತದಲ್ಲಿಯೇ ಬಿಡುತ್ತಾರೆ; ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಸರ್ಟ್ರಾಲಿನ್, ವೆನ್ಲಾಫಾಕ್ಸಿನ್‌ನಂಥ ಔಷಧಿಗಳು ಕೆಲವರಿಗೆ ನೆರವಾಗುತ್ತವೆ. ನಿದ್ರೆಗೆಂದು ಡಯಜೆಪಾಮ್ ಗುಂಪಿನ ಮಾತ್ರೆಗಳನ್ನು ದಿನಾ ನುಂಗುವುದು ಮಾತ್ರ ಬೇಡ. ನಮ್ಮೂರಿನ ಔಷಧಿ ಅಂಗಡಿಯಿಂದ ತಂದಿಟ್ಟುಕೊಂಡಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಹಂತಹಂತವಾಗಿ ಬಿಡಿಸಬೇಕು. ಇಂಗ್ಲೆಂಡಿನಲ್ಲಿ ಸರ್ಕಾರಿ ಮಾತುಚಿಕಿತ್ಸೆಗೆ ಜಿ.ಪಿ.ಯ, ಅಂದರೆ ಕುಟುಂಬ ವೈದ್ಯರ, ಚೀಟಿ ಇಲ್ಲದೆ ನೇರವಾಗಿ ಹೆಸರು ಕೊಡಬಹುದು. ಹೆಸರು ಕೊಡುವಾಗ ಹಿಲ್ಸ್‌ಬರೋ ಎಂದು ಸ್ಪಷ್ಟವಾಗಿ ಹೇಳಲಿ. ಆ ಊರಿನ ಚಿಕಿತ್ಸಕರಿಗೆ ಅದರ ಹಿನ್ನೆಲೆಯನ್ನು ವಿವರಿಸಬೇಕಾಗಿಲ್ಲ. ಅಂದಿನ ಘಟನೆ ಅವರ ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿಯೇ ಇರುವುದರಿಂದ ಚಿಕಿತ್ಸೆಯೂ ಅಲ್ಲಿ, ಆ ಭಾಷೆಯಲ್ಲಿ ನಡೆಯುವುದು ಮೇಲು. ಬದುಕುವುದೇ ಬೇಡ ಎಂಬ ಮಾತು ಬಂದರೆ ಕಾಯಬೇಡಿ. ಅಲ್ಲಿ ಹಗಲುರಾತ್ರಿ 116 123 ಸಹಾಯವಾಣಿಗೆ ಕರೆ ಮಾಡಬಹುದು, ತುರ್ತಾದರೆ 999; ಭಾರತದಲ್ಲಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416, ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಹಲಗೆಯ ಮೇಲಿದ್ದ ಹುಡುಗನ ಬಗ್ಗೆ. ಅವನನ್ನು ಗುರುತಿಸುವುದು ಅಸಾಧ್ಯವೇನಲ್ಲ. ಎರಡನೆಯ ವಿಚಾರಣೆಯಲ್ಲಿ ಸತ್ತವರು ಪ್ರತಿಯೊಬ್ಬರ ಕೊನೆಯ ನಿಮಿಷಗಳನ್ನು ವಿಡಿಯೊ, ಛಾಯಾಚಿತ್ರ, ಸಾಕ್ಷ್ಯಗಳಿಂದ ಒಂದೊಂದಾಗಿ ಜೋಡಿಸಿದ್ದಾರೆ, ಬಹಳಷ್ಟು ದಾಖಲೆ ಸಾರ್ವಜನಿಕವಾಗಿದೆ. ಆದರೆ ಆ ದಾಖಲೆಯಲ್ಲಿರುವುದು ಸತ್ತವರ ವಿವರ. ಹುಡುಕಿ ಸಿಕ್ಕರೆ ಅವನು ಸತ್ತನೆಂದು ತಿಳಿಯುತ್ತದೆ. ಸಿಗದಿದ್ದರೆ ಬದುಕಿದನೆಂದು ಖಾತ್ರಿಯಾಗುವುದಿಲ್ಲ. ಎರಡನ್ನೂ ತಡೆದುಕೊಳ್ಳುವ ಸ್ಥಿತಿ ಬಂದ ಮೇಲೆ ಹುಡುಕಲಿ, ಆಗಲೂ ಒಬ್ಬರೇ ಬೇಡ. ಆ ಮಧ್ಯಾಹ್ನ ಆಂಬುಲೆನ್ಸ್‌ಗಳಲ್ಲಿ ಬಹುಪಾಲು ಹೊರಗೇ ನಿಂತಿದ್ದಾಗ ಜಾಹೀರಾತಿನ ಹಲಗೆ ಕಿತ್ತು ಗಾಯಾಳುಗಳನ್ನು ಮೈದಾನದುದ್ದಕ್ಕೂ ಹೊತ್ತವರು ಬೆಂಬಲಿಗರೇ. ಗೇಟಿನಿಂದ ಒಳಬಂದ ಹುಡುಗನೂ, ಹಲಗೆಯ ಒಂದು ತುದಿ ಹಿಡಿದ ಹುಡುಗನೂ ಒಬ್ಬನೇ ಎಂಬುದನ್ನು ಅವರಿಗೆ ನೀವು ಒಮ್ಮೆ ಹೇಳಬಹುದು. ಒಮ್ಮೆ ಸಾಕು, ಒತ್ತಿ ಒತ್ತಿ ಹೇಳಿದರೆ ಅವರು ವಾದಕ್ಕೆ ನಿಲ್ಲುತ್ತಾರೆ.

ಮಕ್ಕಳಿಗೆ ಇಡೀ ನೋಟ್‌ಬುಕ್ ಕೊಡುವ ಮೊದಲು ಅವರ ವಯಸ್ಸು ನೋಡಿ. ಹದಿನಾರು ದಾಟಿದವರಾದರೆ ಕೇಳಿದ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಡಬಹುದು. ಕಿರಿಯರಾದರೆ ಪಂದ್ಯಕ್ಕೆ ಹೋದದ್ದು, ಜನ ಹೆಚ್ಚಾಗಿ ಅವಘಡವಾದದ್ದು, ಅಪ್ಪ ಬದುಕಿ ಬಂದದ್ದು, ಇಷ್ಟು ಸದ್ಯಕ್ಕೆ ಸಾಕು. ಮುಂದೆ ಎಲ್ಲಾದರೂ ಪ್ರಕಟಿಸುವ ಆಸೆಯಿದ್ದರೆ, ಸತ್ತವರ ದೇಹಸ್ಥಿತಿಯ ವಿವರಗಳನ್ನೂ ಗುರುತು ಸಿಗುವಂಥ ಚಹರೆಗಳನ್ನೂ ಬಿಟ್ಟುಬಿಡಲಿ. ಸತ್ತ 97 ಜನರ ಕುಟುಂಬಗಳು ಇನ್ನೂ ಅವನ್ನು ಓದಬಲ್ಲವು. ಮೊದಲ ಭೇಟಿಗೆ ಹೋಗುವಾಗ ನೋಟ್‌ಬುಕ್ ಜೊತೆಗಿರಲಿ, ಆದರೆ ಅದನ್ನು ಚಿಕಿತ್ಸಕರ ಕೈಗೆ ಕೊಡಲೇಬೇಕೆಂದೇನೂ ಇಲ್ಲ. ಯಾವ ಪುಟ ಓದುವುದು, ಯಾವಾಗ ಓದುವುದು ಎಂಬುದನ್ನು ಅವರೇ ನಿರ್ಧರಿಸಲಿ. ಭೇಟಿಯ ದಿನ ನೀವು ಜೊತೆಗೆ ಹೋಗಿ ಹೊರಗೆ ಕುಳಿತಿದ್ದರೆ ಸಾಕು; ಒಳಗೆ ಏನಾಯಿತೆಂದು ಅಂದೇ ಕೇಳಬೇಡಿ.